ಯಂತ್ರವೆಂಬ ಲಿಪಿಕಾರ: ಮುಪ್ಪಿಗೆ ಸಂದ ಫಿಲ್ಮ್ ಸ್ಕ್ಯಾನರನ್ನು ಕುರಿತು

ಪ್ರಾಚೀನ ಹಸ್ತಪ್ರತಿಗಳ ಕೊನೆಯ ಗರಿಯಲ್ಲಿ ಲಿಪಿಕಾರನು ತನ್ನ ದಣಿವನ್ನೂ ದೃಷ್ಟಿಮಾಂದ್ಯವನ್ನೂ ಹೇಳಿಕೊಂಡು, ಪ್ರತಿಯಲ್ಲಿ ನುಸುಳಿರಬಹುದಾದ ತಪ್ಪುಗಳಿಗೆ ಓದುಗರ ಕ್ಷಮೆ ಬೇಡುವುದು ಒಂದು ರೂಢಿ. ಗ್ರಂಥಸಂಪಾದನೆಯನ್ನು ಅಭ್ಯಾಸಮಾಡುವವರಿಗೆ ಇದು ಬರಿಯ ವಿನಯದ ಮಾತಲ್ಲ. ಲಿಪಿಕಾರನ ವಯಸ್ಸು, ಅವನ ಕಣ್ಣು, ಅವನಿಗೆ ಪರಿಚಿತವಾಗಿದ್ದ ಲಿಪಿ, ಅವನು ಮುಂದಿಟ್ಟುಕೊಂಡಿದ್ದ ಮಾತೃಪ್ರತಿ ಇವೆಲ್ಲವೂ ಪಾಠನಿರ್ಣಯದಲ್ಲಿ ಲೆಕ್ಕಕ್ಕೆ ಬರುತ್ತವೆ. ನಮ್ಮ ಕಾಲದಲ್ಲಿ ಶಾಸನ, ಹಸ್ತಪ್ರತಿ, ಶಿಲ್ಪಗಳ ಹಳೆಯ ಛಾಯಾಚಿತ್ರಗಳನ್ನು ಫಿಲ್ಮಿನಿಂದ ಗಣಕಯಂತ್ರಕ್ಕೆ ಇಳಿಸಿಕೊಟ್ಟ ಮತ್ತೊಬ್ಬ ಲಿಪಿಕಾರನಿದ್ದಾನೆ. ಅವನೇ ಫಿಲ್ಮ್ ಸ್ಕ್ಯಾನರು. ಅವನಿಗೂ ಈಗ ಮುಪ್ಪು ಬಂದಿದೆ. ಕಣ್ಣು ಮಂಜಾಗಿದೆ, ಕೀಲು ಬಿಗಿದಿದೆ. ಆದರೆ ಅವನು ತನ್ನ ಸ್ಥಿತಿಯನ್ನು ಯಾವ ಕೊನೆಯ ಗರಿಯಲ್ಲೂ ಬರೆದಿಡುವುದಿಲ್ಲ.

ಹಳೆಯದಾದ ಸ್ಕ್ಯಾನರನ್ನು ದುರಸ್ತಿ ಮಾಡಿಸಬೇಕೋ, ಅದರ ಜಾಗದಲ್ಲಿ ಬೇರೊಂದು ಸಾಧನವನ್ನು ತರಬೇಕೋ ಎಂಬ ಪ್ರಶ್ನೆ ಈಗ ಅನೇಕ ವಿಭಾಗಗಳ, ಖಾಸಗಿ ಸಂಗ್ರಹಗಳ ಮುಂದಿದೆ. ಸಾಮಾನ್ಯವಾಗಿ ಇದನ್ನು ಖರ್ಚಿನ ಪ್ರಶ್ನೆಯೆಂದು ಭಾವಿಸಿ ಕಚೇರಿಯ ಕಡತಕ್ಕೆ ಸೇರಿಸಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಮೊದಲು ಪಾಠದ ಪ್ರಶ್ನೆ, ಆಮೇಲೆ ಖರ್ಚಿನ ಪ್ರಶ್ನೆ. ಯಾವ ಯಂತ್ರದಿಂದ ಪ್ರತಿ ಮಾಡಿದೆವು ಎಂಬುದರ ಮೇಲೆ ಮುಂದಿನ ಸಂಶೋಧಕ ಏನನ್ನು ಓದುತ್ತಾನೆ ಎಂಬುದು ನಿಂತಿದೆ.

ಮೊದಲಿಗೆ, ಕನ್ನಡ ಅಧ್ಯಯನಕ್ಕೂ ಫಿಲ್ಮಿಗೂ ಇರುವ ನಂಟನ್ನು ನೆನಪಿಸಿಕೊಳ್ಳುವುದು ಅಗತ್ಯ. ಬಿ.ಎಲ್. ರೈಸ್ ಅವರ ಕಾಲದಿಂದ ಶಾಸನಗಳ ಪ್ರತಿಯೆಂದರೆ ಮುಖ್ಯವಾಗಿ ಪಡಿಯಚ್ಚು. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಕೂರಿಸಿ, ಮೇಲೆ ಮಸಿ ಸವರಿ ತೆಗೆಯುವ ಈ ಕ್ರಮಕ್ಕೆ ಇಬ್ಬರು ಮೂವರು ನುರಿತವರೂ ಸಾಕಷ್ಟು ಸಮಯವೂ ಬೇಕು. ಆದ್ದರಿಂದ 1970ರ, 80ರ ದಶಕಗಳಲ್ಲಿ ಒಬ್ಬೊಬ್ಬರೇ ಕ್ಷೇತ್ರಕಾರ್ಯಕ್ಕೆ ಹೊರಟ ಅಧ್ಯಾಪಕರು ಹೆಗಲಿಗೆ 35 ಮಿ.ಮೀ. ಕ್ಯಾಮೆರಾ ಹಾಕಿಕೊಂಡರು. ಕಲ್ಲನ್ನು ತೊಳೆದು, ಅಕ್ಷರಗಳ ಕುಳಿಗೆ ಸೀಮೆಸುಣ್ಣದ ಪುಡಿ ತುಂಬಿ, ಓರೆಬಿಸಿಲಿಗೆ ಕಾದು ತೆಗೆದ ಆ ಚಿತ್ರಗಳು ಎಷ್ಟೋ ಮನೆಗಳಲ್ಲಿ, ವಿಭಾಗಗಳಲ್ಲಿ ಬಿಸ್ಕತ್ತಿನ ಡಬ್ಬಿಗಳಲ್ಲಿ ಉಳಿದಿವೆ. ಕಲ್ಲುಗಳು ಮಾತ್ರ ಎಲ್ಲವೂ ಉಳಿದಿಲ್ಲ. ಕೆಲವು ಮೋರಿಯ ಚಪ್ಪಡಿಗಳಾದವು, ಕೆಲವು ಜೀರ್ಣೋದ್ಧಾರದ ಹೆಸರಿನಲ್ಲಿ ಬಣ್ಣದ ಕೆಳಗೆ ಹೋದವು, ಕೆಲವು ರಸ್ತೆಯ ಅಗಲೀಕರಣದಲ್ಲಿ ಕಾಣೆಯಾದವು. ಮನೆಮನೆಯಲ್ಲಿದ್ದ ಓಲೆಯ ಕಟ್ಟುಗಳ ಗತಿಯೂ ಇದಕ್ಕಿಂತ ಬೇರೆಯಲ್ಲ. ಮೂಲ ಕಣ್ಮರೆಯಾದಾಗ ನೆಗೆಟಿವೇ ಮಾತೃಪ್ರತಿಯ ಸ್ಥಾನಕ್ಕೆ ಏರುತ್ತದೆ.

ಈ ಮಾತೃಪ್ರತಿಯಾದರೂ ಚಿರಂಜೀವಿಯಲ್ಲ. ಆರಂಭದ ಫಿಲ್ಮುಗಳ ಆಧಾರಪಟ್ಟಿ ಸೆಲ್ಯುಲೋಸ್ ನೈಟ್ರೇಟಿನದು. ಅದು ಬೆಂಕಿಗೆ ಅತಿ ಸುಲಭದ ತುತ್ತು. ಪುಣೆಯ ಫಿಲ್ಮ್ ಸಂಸ್ಥೆಯ ಆವರಣದಲ್ಲಿ ಇರಿಸಿದ್ದ ರಾಷ್ಟ್ರೀಯ ಸಂಗ್ರಹದ ನೈಟ್ರೇಟ್ ಚಿತ್ರಗಳು 2003ರ ಜನವರಿಯಲ್ಲಿ ಸುಟ್ಟುಹೋದದ್ದು ಹಲವರಿಗೆ ನೆನಪಿರಬಹುದು. ನೈಟ್ರೇಟಿನ ಬದಲಿಗೆ ಬಂದ ಅಸಿಟೇಟ್ ಫಿಲ್ಮನ್ನು ‘ಸುರಕ್ಷಿತ ಫಿಲ್ಮ್’ ಎಂದೇ ಕರೆದರು. ಅದು ಉರಿಯುವುದಿಲ್ಲ, ನಿಜ; ಆದರೆ ಒಳಗೊಳಗೇ ಹುಳಿಯುತ್ತದೆ. ಸೆಕೆ ಮತ್ತು ತೇವಗಳಲ್ಲಿ ಅಸಿಟೇಟು ವಿಘಟನೆಗೊಂಡು ಅಸಿಟಿಕ್ ಆಮ್ಲವನ್ನು, ಎಂದರೆ ವಿನಿಗರಿನ ಸತ್ವವನ್ನು, ಬಿಡುಗಡೆ ಮಾಡುತ್ತದೆ. ಆ ಆಮ್ಲವೇ ವಿಘಟನೆಯ ವೇಗವನ್ನು ಮತ್ತೂ ಹೆಚ್ಚಿಸುತ್ತದೆ. ಫಿಲ್ಮು ಕುಗ್ಗಿ, ಸೊಟ್ಟಗಾಗಿ, ಚಿತ್ರವಿರುವ ಪದರ ಸುಕ್ಕುಗಟ್ಟಿ ಮೇಲೇಳುತ್ತದೆ. ಕುತೂಹಲದ ಸಂಗತಿಯೆಂದರೆ, 1948ರಲ್ಲಿ ಬಳಕೆಗೆ ಬಂದ ಟ್ರೈಅಸಿಟೇಟ್ ಫಿಲ್ಮು ಹೀಗೆ ಕೆಡುತ್ತದೆ ಎಂಬ ಮೊದಲ ದೂರು ಕೊಡಾಕ್ ಕಂಪನಿಗೆ ತಲುಪಿದ್ದು ಒಂದು ದಶಕದೊಳಗೆ, ಅದೂ ಭಾರತ ಸರ್ಕಾರದಿಂದ. ರೋಚೆಸ್ಟರಿನ ಚಳಿಗೆ ಒದಗಿದ ವಸ್ತು ನಮ್ಮ ಮಳೆಗಾಲಕ್ಕೆ ಒದಗಲಿಲ್ಲ. ತಾಳೆಗರಿಯನ್ನಾದರೆ ಹದಮಾಡಿ, ಎಣ್ಣೆ ಸವರಿ, ಹಲಗೆಯ ನಡುವೆ ಬಿಗಿದು ಕಟ್ಟುವುದನ್ನು ನಮ್ಮವರು ನೂರಾರು ವರ್ಷಗಳ ಅನುಭವದಿಂದ ಕಲಿತಿದ್ದರು. ಫಿಲ್ಮಿನ ವಿಷಯದಲ್ಲಿ ಅಷ್ಟು ಅವಕಾಶವೇ ಸಿಗಲಿಲ್ಲ.

ಹೀಗೆ ಹುಳಿಯುತ್ತಿರುವ ಮಾತೃಪ್ರತಿಯನ್ನು ಓದಿ ಇನ್ನೊಂದು ಪ್ರತಿ ಮಾಡಬಲ್ಲ ಯಂತ್ರದ ಚರಿತ್ರೆ ಬಹಳ ದೊಡ್ಡದೇನಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕಿರ್ಶ್ 1957ರಲ್ಲಿ ತಮ್ಮ ಹಸುಗೂಸಿನ ಭಾವಚಿತ್ರವನ್ನು ತಿರುಗುವ ಉರುಳೆಗೆ ಅಂಟಿಸಿ ಗಣಕಯಂತ್ರಕ್ಕೆ ಇಳಿಸಿದರು. ಆ ಚಿತ್ರದಲ್ಲಿದ್ದದ್ದು ಉದ್ದಕ್ಕೆ 176, ಅಗಲಕ್ಕೆ 176 ಚುಕ್ಕೆಗಳು. ಮುಂದೆ ಮುದ್ರಣೋದ್ಯಮ ಇದೇ ಉರುಳೆಯ ತತ್ತ್ವವನ್ನು ಬೆಳೆಸಿಕೊಂಡಿತು. ಪಾರದರ್ಶಕ ಉರುಳೆಯ ಮೇಲೆ ಫಿಲ್ಮನ್ನು ಎಣ್ಣೆಯ ಪದರದಲ್ಲಿ ಕೂರಿಸಿ, ಅತಿ ಸೂಕ್ಷ್ಮವಾದ ಬೆಳಕುಗ್ರಾಹಿ ನಳಿಕೆಗಳಿಂದ ಚುಕ್ಕೆ ಚುಕ್ಕೆಯಾಗಿ ಓದುವ ಡ್ರಮ್ ಸ್ಕ್ಯಾನರುಗಳು ದೊಡ್ಡ ಮುದ್ರಣಾಲಯಗಳ ಸೊತ್ತಾಗಿದ್ದವು. 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಅರೆವಾಹಕ ಸಾಧನ ಈ ಕೆಲಸವನ್ನು ಮೇಜಿನ ಮೇಲಕ್ಕೆ ತಂದಿತು. ಆ ಶೋಧಕ್ಕೆ 2009ರಲ್ಲಿ ನೊಬೆಲ್ ಪುರಸ್ಕಾರ ಬಂದಾಗ, ಅದನ್ನೇ ಕಣ್ಣಾಗಿ ಉಳ್ಳ ಫಿಲ್ಮ್ ಸ್ಕ್ಯಾನರುಗಳ ತಯಾರಿಕೆ ಹೆಚ್ಚುಕಡಿಮೆ ನಿಲ್ಲುತ್ತಿತ್ತು.

ಈ ಯಂತ್ರಗಳಲ್ಲಿ ಇಂದಿಗೂ ಮಾತಿಗೆ ಬರುವುದು ನಿಕಾನ್ ಕಂಪನಿಯ ಕೂಲ್‌ಸ್ಕ್ಯಾನ್ ಸರಣಿ. ಬಿಸಿಯಾಗುವ ದೀಪದ ಬದಲು ಕೆಂಪು, ಹಸಿರು, ನೀಲಿ ಎಲ್‌ಇಡಿಗಳನ್ನು ಬಳಸಿದ್ದರಿಂದ ಅದಕ್ಕೆ ಆ ಹೆಸರು. ಫಿಲ್ಮನ್ನು ಕೂದಲೆಳೆಗಿಂತ ಸಣ್ಣ ಹೆಜ್ಜೆಗಳಲ್ಲಿ ಸರಿಸುತ್ತಾ, ಪ್ರತಿ ಸಾಲನ್ನೂ ಮೂರು ಬಣ್ಣಗಳಲ್ಲಿ ಪ್ರತ್ಯೇಕವಾಗಿ ಅಳೆಯುವುದು ಇದರ ಕ್ರಮ. ಈ ಸರಣಿಯ ಕೊನೆಯ ಯಂತ್ರಗಳು ಅಂಗುಲಕ್ಕೆ 4,000 ಚುಕ್ಕೆಗಳನ್ನು ಓದುತ್ತಿದ್ದವು. 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಒಂದು ಚಿತ್ರಕ್ಕೆ ಇದನ್ನು ಅನ್ವಯಿಸಿದರೆ ಸುಮಾರು 5,670 ಗುಣಿಸು 3,780, ಎಂದರೆ ಎರಡು ಕೋಟಿಗೂ ಮಿಕ್ಕಿದ ಚುಕ್ಕೆಗಳು. 1998ರ ಹೊತ್ತಿಗೆ ಈ ಯಂತ್ರಗಳಿಗೆ ನಾಲ್ಕನೆಯ ಬೆಳಕೊಂದು ಸೇರಿತು: ಕಣ್ಣಿಗೆ ಕಾಣದ ಅವಕೆಂಪು. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳ ಮೂಲಕ ಅವಕೆಂಪು ಕಿರಣ ಸರಾಗವಾಗಿ ಹಾದುಹೋಗುತ್ತದೆ. ಧೂಳು, ಗೀರುಗಳಿದ್ದಲ್ಲಿ ಮಾತ್ರ ತಡೆಯುಂಟಾಗುತ್ತದೆ. ಹಾಗಾಗಿ ಅವಕೆಂಪಿನಲ್ಲಿ ತೆಗೆದ ಪ್ರತಿ ಧೂಳಿನ ನಕಾಶೆಯೇ ಆಗುತ್ತದೆ. ಆ ನಕಾಶೆಯನ್ನು ಇಟ್ಟುಕೊಂಡು ತಂತ್ರಾಂಶವು ಮುಖ್ಯ ಚಿತ್ರದಲ್ಲಿ ಗೀರುಬಿದ್ದ ಜಾಗವನ್ನು ಸುತ್ತಲಿನ ಬಣ್ಣದಿಂದ ತುಂಬುತ್ತದೆ. ಡಿಜಿಟಲ್ ಐಸ್ ಎಂದು ಪ್ರಸಿದ್ಧವಾದ ಈ ಉಪಾಯ ಟೆಕ್ಸಾಸಿನ ಅಪ್ಲೈಡ್ ಸೈನ್ಸ್ ಫಿಕ್ಷನ್ ಎಂಬ ಕಂಪನಿಯದು. ಆದರೆ ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರವನ್ನು ಕಟ್ಟಿರುವುದು ಬೆಳ್ಳಿಯ ಕಣಗಳು. ಬೆಳ್ಳಿ ಅವಕೆಂಪನ್ನೂ ತಡೆಯುತ್ತದೆ. ಅಲ್ಲಿ ಯಂತ್ರಕ್ಕೆ ಅಕ್ಷರ ಯಾವುದು, ಧೂಳು ಯಾವುದು ಎಂಬ ವಿವೇಚನೆ ಉಳಿಯುವುದಿಲ್ಲ. ಈ ಮಾತನ್ನು ನೆನಪಿಡಬೇಕು, ಮುಂದೆ ಇದರ ಪ್ರಯೋಜನವಿದೆ.

ಇಷ್ಟು ನಯವಾದ ಯಂತ್ರ ಯಾಕೆ ನಿಂತಿತು? ಫಿಲ್ಮ್ ಸ್ಕ್ಯಾನರು ಹುಟ್ಟಿದ್ದೇ ಎರಡು ಯುಗಗಳ ನಡುವಣ ಸೇತುವೆಯಾಗಿ. ಜನ ಇನ್ನೂ ಫಿಲ್ಮಿನಲ್ಲಿ ಚಿತ್ರ ತೆಗೆಯುತ್ತಿದ್ದರು, ಆದರೆ ಪತ್ರಿಕೆಗಳಿಗೂ ಮುದ್ರಣಾಲಯಗಳಿಗೂ ಗಣಕದ ಕಡತ ಬೇಕಾಗಿತ್ತು. ಆ ಹದಿನೈದಿಪ್ಪತ್ತು ವರ್ಷಗಳಷ್ಟೇ ಅದರ ಸುಗ್ಗಿ. ಕ್ಯಾಮೆರಾವೇ ಡಿಜಿಟಲ್ ಆದಮೇಲೆ ಸೇತುವೆಗೆ ಸುಂಕ ಕಟ್ಟುವವರು ಉಳಿಯಲಿಲ್ಲ. ಅಂಗುಲಕ್ಕೆ 5,400 ಚುಕ್ಕೆ ಓದುವ ಯಂತ್ರವನ್ನು ಮಾಡುತ್ತಿದ್ದ ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ಮತ್ತು ಫೋಟೋ ವ್ಯವಹಾರದಿಂದಲೇ ಹೊರನಡೆಯಿತು. 2010ರ ಹೊತ್ತಿಗೆ ಕೂಲ್‌ಸ್ಕ್ಯಾನ್ ಸರಣಿಯೂ ಮುಗಿಯಿತು. ಅದೇ ವರ್ಷದ ಕೊನೆಗೆ ಕೋಡಾಕ್ರೋಮ್ ಸ್ಲೈಡುಗಳನ್ನು ಸಂಸ್ಕರಿಸುತ್ತಿದ್ದ ಜಗತ್ತಿನ ಕಟ್ಟಕಡೆಯ ಪ್ರಯೋಗಾಲಯ ಕ್ಯಾನ್ಸಾಸಿನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಉತ್ತಮೋತ್ತಮವೆನಿಸಿದ್ದ ಹ್ಯಾಸಲ್‌ಬ್ಲಾಡ್ ಫ್ಲೆಕ್ಸ್‌ಟೈಟ್ 2019ರಲ್ಲಿ ಕೊನೆಗೊಂಡಿತು. ಹೀಗಾಗಿ ಈಗ ನಮ್ಮ ಮುಂದಿರುವ ಸ್ಥಿತಿ ವಿಚಿತ್ರವಾದುದು: ಓದಬೇಕಾದ ಫಿಲ್ಮು ರಾಶಿರಾಶಿಯಾಗಿದೆ, ಅದನ್ನು ಚೆನ್ನಾಗಿ ಓದಬಲ್ಲ ಯಂತ್ರಗಳ ಸಂಖ್ಯೆ ವರ್ಷ ವರ್ಷಕ್ಕೂ ಇಳಿಯುತ್ತಿದೆ.

ಯಂತ್ರದ ಮುಪ್ಪು ಎರಡು ಬಗೆಯದು. ಒಂದು ದೇಹದ್ದು, ಇನ್ನೊಂದು ಭಾಷೆಯದು.

ದೇಹದ ಮುಪ್ಪನ್ನು ಬಿಚ್ಚಿ ನೋಡಬಹುದು. ಫಿಲ್ಮು ಸರಿಯುವ ದಂಡದ ಮೇಲಿನ ಗ್ರೀಸು ವರ್ಷಗಳು ಕಳೆದಂತೆ ಅಂಟಾಗಿ, ಹೆಜ್ಜೆಗಳು ಸಮನಾಗಿ ಬೀಳುವುದಿಲ್ಲ. ಪರಿಣಾಮವಾಗಿ ಚಿತ್ರದಲ್ಲಿ ಅಡ್ಡಗೆರೆಗಳು ಮೂಡುತ್ತವೆ. ವಿದ್ಯುತ್ ಪೂರೈಕೆಯ ಕೆಪಾಸಿಟರುಗಳು ಉಬ್ಬುತ್ತವೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಕನ್ನಡಿಯ ಮೇಲಿನ ಧೂಳು. ಫಿಲ್ಮಿನಿಂದ ಬಂದ ಬೆಳಕನ್ನು ಮಸೂರದ ಕಡೆಗೆ ತಿರುಗಿಸುವ ಪುಟ್ಟ ಕನ್ನಡಿಯೊಂದು ಇಂಥ ಅನೇಕ ಯಂತ್ರಗಳ ಒಳಗೆ ಇರುತ್ತದೆ. ಅದರ ಮೇಲೆ ತೆಳುವಾದ ಮಬ್ಬು ಕೂತರೆ ಯಂತ್ರ ನಿಲ್ಲುವುದಿಲ್ಲ, ತಪ್ಪಿನ ಸೂಚನೆಯನ್ನೂ ಕೊಡುವುದಿಲ್ಲ. ಚಿತ್ರದ ಬೆಳಕಿನ ಭಾಗ ಮಾತ್ರ ನೆರಳಿನ ಭಾಗಕ್ಕೆ ಸ್ವಲ್ಪ ಸ್ವಲ್ಪವೇ ಸೋರತೊಡಗುತ್ತದೆ. ಕೆಟ್ಟು ನಿಂತ ಯಂತ್ರಕ್ಕಿಂತ ಹೀಗೆ ಮಬ್ಬಾಗಿ ನಡೆಯುವ ಯಂತ್ರ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಓಲೆಯನ್ನು ಓದಲಾಗದೆ ಬಿಟ್ಟ ಲಿಪಿಕಾರನಿಗಿಂತ ಊಹಿಸಿ ಬರೆದ ಲಿಪಿಕಾರನಿಂದ ಸಂಪಾದಕನಿಗೆ ಹೆಚ್ಚು ಕಷ್ಟವಲ್ಲವೆ?

ಭಾಷೆಯ ಮುಪ್ಪು ಇನ್ನೂ ಸೂಕ್ಷ್ಮವಾದುದು. ಯಂತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ಅದರ ಮಾತನ್ನು ತಿಳಿಯುವ ಗಣಕ ಇರುವುದಿಲ್ಲ. ಮೊದಲ ತಲೆಮಾರಿನ ಸ್ಕ್ಯಾನರುಗಳು ಸ್ಕಜಿ ಎಂಬ ದಪ್ಪ ತಂತಿಯ ಮೂಲಕ, ನಂತರದ ಕೆಲವು ಫೈರ್‌ವೈರ್ ಮೂಲಕ ಮಾತಾಡುತ್ತಿದ್ದವು. ಎರಡೂ ಈಗಿನ ಗಣಕಗಳಲ್ಲಿ ಇಲ್ಲ. ಯುಎಸ್‌ಬಿ ಇರುವ ಯಂತ್ರಗಳಿಗೂ ಚಾಲಕ ತಂತ್ರಾಂಶದ ತೊಡಕಿದೆ. ನಿಕಾನ್ ಸ್ಕ್ಯಾನ್ ತಂತ್ರಾಂಶ ವಿಂಡೋಸ್ ವಿಸ್ಟಾದ ಕಾಲಕ್ಕೆ ನಿಂತುಹೋಯಿತು. 64 ಬಿಟ್ ಗಣಕಗಳಿಗೆ ಕಂಪನಿ ಅದನ್ನು ಒಗ್ಗಿಸಲಿಲ್ಲ. ಇಲ್ಲಿ ಉಪಕಾರ ಮಾಡಿದವರು ಹೊರಗಿನವರು. ಎಡ್ ಹ್ಯಾಮ್ರಿಕ್ 1998ರಲ್ಲಿ ಆರಂಭಿಸಿದ ವ್ಯೂಸ್ಕ್ಯಾನ್, ತಯಾರಕರು ಕೈಬಿಟ್ಟ ಸಾವಿರಾರು ಸ್ಕ್ಯಾನರುಗಳಿಗೆ ಇಂದಿಗೂ ಬಾಯಿಯಾಗಿದೆ. ಜರ್ಮನಿಯ ಕೀಲ್ ನಗರದ ಲೇಸರ್‌ಸಾಫ್ಟ್ ಸಂಸ್ಥೆಯ ಸಿಲ್ವರ್‌ಫಾಸ್ಟ್ ಇನ್ನೊಂದು. ಹಳೆಯ ಯಂತ್ರದ ಜತೆಗೆ ಹಳೆಯ ಗಣಕವನ್ನೂ ಹಾಗೆಯೇ ಇಟ್ಟುಕೊಳ್ಳುವುದು ಮೂರನೆಯ ಮಾರ್ಗ. ವಿಂಡೋಸ್ ಎಕ್ಸ್‌ಪಿ ಇರುವ ಗಣಕವನ್ನು ಅಂತರಜಾಲಕ್ಕೆ ಜೋಡಿಸದೆ, ಸ್ಕ್ಯಾನರಿನ ಸಂಗಾತಿಯಾಗಿಯೇ ಇರಿಸಿಕೊಂಡವರು ಹಲವರಿದ್ದಾರೆ. ಗರಿಗಳು ಅಚ್ಚಳಿಯದೆ ಇದ್ದೂ ತಿಗಳಾರಿ ಲಿಪಿ ಓದುವವರಿಲ್ಲದೆ ಕಟ್ಟುಗಳು ಮೂಕವಾಗಿ ಕೂತಿರುವುದನ್ನು ಕಂಡವರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಒಂದು ಪ್ರತ್ಯಕ್ಷ ಪ್ರಸಂಗ. ನಮ್ಮ ವಿಭಾಗದಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ಬಿಟ್ಟುಹೋದ ಸುಮಾರು 130 ರೀಲುಗಳಿವೆ. ರೀಲಿಗೆ 36 ಎಂದು ಹಿಡಿದರೆ 4,680 ಚಿತ್ರಗಳು. ಮುಕ್ಕಾಲು ಪಾಲು ಕಪ್ಪುಬಿಳುಪು ನೆಗೆಟಿವ್, ಉಳಿದವು ಬಣ್ಣದ ಸ್ಲೈಡು. ಒಂದು ಚಿತ್ರವನ್ನು ಒರೆಸಿ, ಚೌಕಟ್ಟಿಗೆ ಕೂರಿಸಿ, ಓದಿಸಿ, ಹೆಸರು ಕೊಟ್ಟು ಉಳಿಸಲು ನಾಲ್ಕು ನಿಮಿಷವೆಂದರೂ 312 ಗಂಟೆಗಳ ಕೆಲಸ. ಪಾಠಪ್ರವಚನದ ಬಿಡುವಿನಲ್ಲಿ ಮಾಡುವವರಿಗೆ ಎರಡು ವರ್ಷ. ಅರ್ಧದಾರಿಯಲ್ಲಿ ನಮ್ಮ ಸ್ಕ್ಯಾನರು ಮಬ್ಬಾಗತೊಡಗಿತು. ಅಧಿಕೃತ ಸೇವಾಕೇಂದ್ರದಲ್ಲಿ ಬಿಡಿಭಾಗಗಳಿಲ್ಲ, ಬಿಚ್ಚಿ ನೋಡುವವರೂ ಇಲ್ಲ ಎಂಬ ಉತ್ತರ ದೊರೆಯಿತು.

ಮಬ್ಬು ಮೊದಲು ಕಂಡದ್ದು ಯಂತ್ರದಲ್ಲಲ್ಲ, ಪಾಠದಲ್ಲಿ. ಒಂದು ನಿಸಿಧಿಗಲ್ಲಿನ ಚಿತ್ರವನ್ನು ಓದುತ್ತಿದ್ದ ಸಂಶೋಧನ ವಿದ್ಯಾರ್ಥಿನಿ ‘ಷ’ ಇರಬೇಕಾದಲ್ಲೆಲ್ಲ ‘ಪ’ ಎಂದು ಟಿಪ್ಪಣಿ ಮಾಡಿಕೊಂಡಿದ್ದಳು. ಈ ಎರಡು ಅಕ್ಷರಗಳ ನಡುವಣ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಸಣ್ಣ ಗೀಟು ಮಾತ್ರವೆಂಬುದು ಎಲ್ಲರಿಗೂ ಗೊತ್ತು. ಅವಳ ಓದು ಚಿತ್ರಕ್ಕೆ ನಿಷ್ಠವಾಗಿಯೇ ಇತ್ತು. ಚಿತ್ರದಲ್ಲಿ ಗೀಟೇ ಇರಲಿಲ್ಲ. ನೆಗೆಟಿವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಗೀಟು ಸ್ಪಷ್ಟವಾಗಿ ಕಂಡಿತು. ಕಾರಣ ಹೀಗಿದೆ. ಸೀಮೆಸುಣ್ಣ ತುಂಬಿದ ಬಿಳಿಯ ಅಕ್ಷರ ನೆಗೆಟಿವಿನಲ್ಲಿ ಕಪ್ಪಾಗಿರುತ್ತದೆ, ಕರಿಯ ಕಲ್ಲು ತಿಳಿಯಾಗಿರುತ್ತದೆ. ಮಬ್ಬು ಕನ್ನಡಿಯಲ್ಲಿ ತಿಳಿಭಾಗದ ಬೆಳಕು ಕಪ್ಪಿನೊಳಕ್ಕೆ ಸೋರಿ, ತೆಳುವಾದ ರೇಖೆಗಳನ್ನು ತಿಂದುಹಾಕುತ್ತದೆ. ಸ್ಲೈಡಿನಲ್ಲಿ ಇದೇ ದೋಷ ತದ್ವಿರುದ್ಧ ಫಲ ಕೊಡುತ್ತದೆ: ಅಲ್ಲಿ ಬಿಳಿಯ ಅಕ್ಷರವೇ ತಿಳಿಭಾಗವಾದ್ದರಿಂದ ಅದು ಉಬ್ಬಿ, ಒಳಗಿನ ಸಂದುಗಳು ಮುಚ್ಚಿಹೋಗುತ್ತವೆ. ಒಬ್ಬನೇ ಲಿಪಿಕಾರ, ಒಂದೇ ಕಣ್ಣುದೋಷ, ಎರಡು ಬಗೆಯ ಸ್ಖಾಲಿತ್ಯ! ದೋಷದ ಬಗೆ ತಿಳಿದಿದ್ದರೆ ಅದರ ಫಲವನ್ನು ಊಹಿಸಬಹುದು. ತಿಳಿಯದಿದ್ದರೆ ಇಲ್ಲದ ಪಾಠಾಂತರವೊಂದು ಹುಟ್ಟಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಹಳೆಯ ಕ್ಯಾಮೆರಾಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರು ಯಂತ್ರವನ್ನು ಬಿಚ್ಚಿದರು. ಕನ್ನಡಿಯನ್ನು ಉಜ್ಜಬಾರದು, ಮುಂಭಾಗದಲ್ಲೇ ಲೇಪವಿರುವ ಕನ್ನಡಿ ಅದು, ಗೀರು ಬಿದ್ದರೆ ಮುಗಿಯಿತು ಎಂದು ಹೇಳುತ್ತಾ ಮೊದಲು ಗಾಳಿ ಊದಿ, ಆಮೇಲೆ ಶುದ್ಧ ಆಲ್ಕೊಹಾಲಿನಲ್ಲಿ ತೋಯ್ದ ಮೆತ್ತನೆಯ ಹತ್ತಿಯನ್ನು ಒಂದೇ ದಿಕ್ಕಿನಲ್ಲಿ ಎಳೆದರು. ಹಳೆಯ ಗ್ರೀಸನ್ನು ತೆಗೆದು ಹೊಸದನ್ನು ಸವರಿದರು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಅದೇ ನಿಸಿಧಿಯ ನೆಗೆಟಿವನ್ನು ಮತ್ತೆ ಓದಿಸಿದಾಗ ‘ಷ’ಕಾರದ ಗೀಟು ತನ್ನ ಜಾಗದಲ್ಲಿತ್ತು.

ಹಾಗೆಂದು ದುರಸ್ತಿಯೇ ಸದಾ ಸರಿಯಾದ ಮಾರ್ಗವೆಂದು ನಾನು ವಾದಿಸುತ್ತಿಲ್ಲ. ಕನ್ನಡಿ, ಗ್ರೀಸು, ಕೆಪಾಸಿಟರುಗಳವರೆಗೆ ನಮ್ಮ ಕುಶಲಕರ್ಮಿಗಳ ಕೈ ನಡೆಯುತ್ತದೆ. ಸಿಸಿಡಿಯೋ ಮುಖ್ಯ ವಿದ್ಯುತ್ ಫಲಕವೋ ಹೋದರೆ ಅದೇ ಮಾದರಿಯ ಇನ್ನೊಂದು ಸತ್ತ ಯಂತ್ರವನ್ನು ಹುಡುಕಿ ತಂದು ಅಂಗದಾನ ಮಾಡಿಸಬೇಕು. ಆದ್ದರಿಂದ ಬದಲಿ ಸಾಧನಗಳ ಗುಣದೋಷಗಳನ್ನು ತಿಳಿದಿರುವುದು ಒಳ್ಳೆಯದು. ಪುಸ್ತಕದ ಪುಟ ಓದುವ ಚಪ್ಪಟೆ ಸ್ಕ್ಯಾನರಿನ ಮುಚ್ಚಳದಲ್ಲಿ ದೀಪವಿಟ್ಟು ಫಿಲ್ಮನ್ನೂ ಓದುವಂತೆ ಮಾಡಿದ ಯಂತ್ರಗಳು ಅಗ್ಗ. ಎಪ್ಸನ್ ವಿ700, ವಿ850 ಇಂಥವು. ಇವುಗಳ ಪೆಟ್ಟಿಗೆಯ ಮೇಲೆ ಅಂಗುಲಕ್ಕೆ 6,400 ಚುಕ್ಕೆ ಎಂದಿರುತ್ತದೆ, ಸ್ವತಂತ್ರ ಪರೀಕ್ಷೆಗಳಲ್ಲಿ ಅದರ ಅರ್ಧವೂ ದಕ್ಕಿಲ್ಲ. ದೊಡ್ಡ ಅಳತೆಯ ಫಿಲ್ಮುಗಳಿಗೂ ದೇವಾಲಯದ ನೋಟಚಿತ್ರಗಳಿಗೂ ಸಾಕು, 35 ಮಿ.ಮೀ. ಚೌಕಟ್ಟಿನಲ್ಲಿ ನಲವತ್ತು ಸಾಲಿನ ಶಾಸನವಿದ್ದರೆ ಸಾಲದು. ಪ್ಲಸ್ಟೆಕ್ ಮೊದಲಾದ ಕಂಪನಿಗಳ ಈಗಿನ ಸಣ್ಣ ಫಿಲ್ಮ್ ಸ್ಕ್ಯಾನರುಗಳು ಇದಕ್ಕಿಂತ ಮೇಲು, ಆದರೆ ಪ್ರತಿ ಚಿತ್ರವನ್ನೂ ಕೈಯಿಂದ ಮುಂದೆ ತಳ್ಳಬೇಕು.

ಇತ್ತೀಚೆಗೆ ಬಹುತೇಕರು ಒಲಿದಿರುವುದು ಕ್ಯಾಮೆರಾ ಪದ್ಧತಿಗೆ. ಬೆಳಕಿನ ಪೆಟ್ಟಿಗೆಯ ಮೇಲೆ ಫಿಲ್ಮನ್ನಿಟ್ಟು, ಹತ್ತಿರದ ವಸ್ತುಗಳನ್ನು ತೆಗೆಯುವ ಮ್ಯಾಕ್ರೋ ಲೆನ್ಸಿನಿಂದ ಡಿಜಿಟಲ್ ಕ್ಯಾಮೆರಾದಲ್ಲಿ ಅದರ ಛಾಯಾಚಿತ್ರ ತೆಗೆಯುವುದೇ ಈ ಪದ್ಧತಿ. 24 ಮೆಗಾಪಿಕ್ಸೆಲಿನ ಪೂರ್ಣಚೌಕಟ್ಟಿನ ಕ್ಯಾಮೆರಾ 6,000 ಗುಣಿಸು 4,000 ಚುಕ್ಕೆ ಕೊಡುತ್ತದೆ. ಲೆಕ್ಕದಲ್ಲಿ ಅದು ಹಳೆಯ ಉತ್ತಮ ಸ್ಕ್ಯಾನರಿಗೆ ಸಮ, ವೇಗದಲ್ಲಿ ಹೋಲಿಕೆಯೇ ಇಲ್ಲ. ಆದರೆ ಕ್ಯಾಮೆರಾ ಪ್ರತಿ ಚುಕ್ಕೆಯಲ್ಲೂ ಒಂದೇ ಬಣ್ಣವನ್ನು ಅಳೆದು ಉಳಿದೆರಡನ್ನು ನೆರೆಯ ಚುಕ್ಕೆಗಳಿಂದ ಊಹಿಸುತ್ತದೆ, ಸ್ಕ್ಯಾನರು ಮೂರನ್ನೂ ಅಳೆಯುತ್ತದೆ. ಕ್ಯಾಮೆರಾ ಮತ್ತು ಫಿಲ್ಮು ಕಟ್ಟುನಿಟ್ಟಾಗಿ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಒಂದು ಮೂಲೆಯ ಅಕ್ಷರಗಳು ಮಸುಕಾಗುತ್ತವೆ. ಫಿಲ್ಮಿನ ಜಾಗದಲ್ಲಿ ಚಿಕ್ಕ ಕನ್ನಡಿಯಿಟ್ಟು, ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಬರುವಂತೆ ಹೊಂದಿಸಿಕೊಂಡರೆ ಈ ತೊಂದರೆ ನೀಗುತ್ತದೆ. ಅವಕೆಂಪಿನ ಧೂಳುನಕಾಶೆ ಇಲ್ಲಿ ದೊರೆಯುವುದಿಲ್ಲ. ಕಪ್ಪುಬಿಳುಪು ನೆಗೆಟಿವಿಗೆ ಅದು ಹೇಗೂ ನಿಷ್ಪ್ರಯೋಜಕವೆಂದು ಮೇಲೆ ಹೇಳಿದೆನಲ್ಲ. ಅಲ್ಲಿ ಬಣ್ಣವನ್ನು ಊಹಿಸುವ ತೊಡಕೂ ಬಾಧಿಸುವುದಿಲ್ಲ. ಎಂದಮೇಲೆ ಶಾಸನಗಳ ಕಪ್ಪುಬಿಳುಪು ನೆಗೆಟಿವುಗಳನ್ನು ಕ್ಯಾಮೆರಾಕ್ಕೆ ಒಪ್ಪಿಸಿ, ಬೂಷ್ಟು ಹಿಡಿದ, ಗೀರುಬಿದ್ದ, ಬಣ್ಣ ಮಾಸಿದ ಸ್ಲೈಡುಗಳಿಗೆ ಹಳೆಯ ಸ್ಕ್ಯಾನರಿನ ಉಳಿದ ಆಯುಷ್ಯವನ್ನು ಮೀಸಲಿಡುವುದು ವಿವೇಕ. ಕೋಡಾಕ್ರೋಮ್ ಸ್ಲೈಡುಗಳಲ್ಲಿ ಮಾತ್ರ ಅವಕೆಂಪು ವಿಧಾನವನ್ನು ನೆಚ್ಚಬಾರದು. ಅದರ ಪದರಗಳು ಅವಕೆಂಪಿಗೆ ಪೂರ್ತಿ ಪಾರದರ್ಶಕವಲ್ಲ.

ಇಲ್ಲಿ ಆಡಳಿತದವರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಸ್ಕ್ಯಾನ್ ಮುಗಿದಮೇಲೆ ಈ ಡಬ್ಬಿಗಳನ್ನು ವಿಲೇವಾರಿ ಮಾಡಬಹುದಲ್ಲವೆ? ಇದಕ್ಕೆ ಉತ್ತರವಾಗಿ ಎರಡು ಚರಿತ್ರೆಗಳನ್ನು ಹೇಳಬೇಕಾಗಿದೆ.

ಮೊದಲನೆಯದು ಅಮೆರಿಕ ಮತ್ತು ಬ್ರಿಟನ್ನಿನ ಗ್ರಂಥಾಲಯಗಳದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಹಳೆಯ ದಿನಪತ್ರಿಕೆಗಳ ಸಂಪುಟಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ, ಮೂಲಗಳನ್ನು ಮಾರಿದರು ಅಥವಾ ಎಸೆದರು. ಮೈಕ್ರೋಫಿಲ್ಮುಗಳಲ್ಲಿ ಪುಟಗಳು ಬಿಟ್ಟುಹೋಗಿದ್ದವು, ಬಣ್ಣದ ಚಿತ್ರಗಳು ಕರಿಯ ಮುದ್ದೆಗಳಾಗಿದ್ದವು. ಅದು ತಿಳಿಯುವ ಹೊತ್ತಿಗೆ ಹಿಂದಿರುಗಿ ನೋಡಲು ಮೂಲವಿರಲಿಲ್ಲ. ಬ್ರಿಟಿಷ್ ಲೈಬ್ರರಿ 1999ರಲ್ಲಿ ಮಾರಾಟಕ್ಕಿಟ್ಟ ಅಮೆರಿಕದ ಪತ್ರಿಕಾ ಸಂಪುಟಗಳನ್ನು ಕಾದಂಬರಿಕಾರ ನಿಕೊಲ್ಸನ್ ಬೇಕರ್ ತಾವೇ ಕೊಂಡು ಉಳಿಸಿದರು. 2001ರಲ್ಲಿ ‘ಡಬಲ್ ಫೋಲ್ಡ್’ ಎಂಬ ಕಟುವಾದ ಗ್ರಂಥವನ್ನೂ ಬರೆದರು. ಬೇಕರ್ ಅವರ ಧಾಟಿ ಅಲ್ಲಲ್ಲಿ ಅತಿಯಾಯಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಮೂಲವನ್ನು ಕಳೆದುಕೊಂಡ ಪ್ರತಿಯನ್ನು ಪರೀಕ್ಷಿಸುವ ದಾರಿಯೇ ಇಲ್ಲವೆಂಬ ಅವರ ಮುಖ್ಯ ವಾದವನ್ನು ಅಲ್ಲಗಳೆಯುವಂತಿಲ್ಲ.

ಎರಡನೆಯದು ನಮ್ಮ ಮೂಡುಬಿದಿರೆಯದು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಶತಮಾನಗಳ ಕಾಲ ಲೋಕಕ್ಕೆ ಲಭ್ಯವಿದ್ದದ್ದು ಅಲ್ಲಿನ ಬಸದಿಯ ತಾಳೆಗರಿಗಳಲ್ಲಿ ಮಾತ್ರ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದರ ಪ್ರತಿ ಮಾಡುವ ಕೆಲಸ ಮೊದಲಾಯಿತು. ನಾಗರಿಯಲ್ಲಿ ಪ್ರತಿ ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರವನ್ನು ಸೇರಿ, ಅಲ್ಲಿ ಮತ್ತೆ ನಾಗರಿಗೆ ಇಳಿದು, ಪ್ರತಿಯ ಪ್ರತಿಗಳಾಗಿ ಹರಡಿತು. ಡಾ. ಹೀರಾಲಾಲ್ ಜೈನ್ ಅವರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದ್ದು ಇಂಥ ಪ್ರತಿಗಳ ಬಲದಿಂದ. ಅದರ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಅರ್ಥದ ದೃಷ್ಟಿಯಿಂದ ಅದು ಅಲ್ಲಿ ಇರಬೇಕೆಂದು ಸಂಪಾದಕರು ಸೂಚಿಸಿದರು. ಸೂತ್ರದ ವಿಷಯ ಸ್ತ್ರೀಯರ ಗುಣಸ್ಥಾನಗಳಿಗೆ ಸಂಬಂಧಿಸಿದ್ದರಿಂದ ವಿದ್ವಾಂಸರಲ್ಲಿ ಭಾರಿ ವಾಗ್ವಾದ ಎದ್ದಿತು. ತರ್ಕದಿಂದ ಬಗೆಹರಿಯದ ಆ ವಾದದಲ್ಲಿ ಸಾಕ್ಷಿ ನುಡಿದದ್ದು ಮೂಡುಬಿದಿರೆಯ ಓಲೆ. ತೆರೆದು ನೋಡಿದಾಗ ಅಲ್ಲಿ ‘ಸಂಜದ’ ಪದವಿತ್ತು. ಪ್ರತಿ ಸಿದ್ಧವಾಯಿತೆಂದು ಯಾರಾದರೂ ಆ ಗರಿಗಳನ್ನು ವಿಲೇವಾರಿ ಮಾಡಿದ್ದರೆ?

ನೆಗೆಟಿವಿಗೂ ಸ್ಕ್ಯಾನಿಗೂ ಇರುವ ಸಂಬಂಧ ಇದೇ. ಆದಕಾರಣ ಸ್ಕ್ಯಾನ್ ಮಾಡುವವರು ಸಂಪಾದಕನ ಶಿಸ್ತನ್ನು ಪಾಲಿಸಬೇಕು. ಯಾವ ಯಂತ್ರ, ಯಾವ ತಂತ್ರಾಂಶ, ಅಂಗುಲಕ್ಕೆ ಎಷ್ಟು ಚುಕ್ಕೆ, ಯಾವ ದಿನ ಎಂಬುದನ್ನು ಪ್ರತಿ ರೀಲಿಗೂ ಬರೆದಿಡಬೇಕು. ನಡುವೆ ಯಂತ್ರ ಬದಲಾದರೆ ಹಸ್ತಪ್ರತಿಯಲ್ಲಿ ಕೈಬರಹ ಬದಲಾದಂತೆಯೇ ಅದನ್ನು ಗುರುತಿಸಬೇಕು. ಅಕ್ಷರಗಳನ್ನು ‘ಚುರುಕು’ ಮಾಡುವ, ಗೀರು ಅಳಿಸುವ ಕೆಲಸಗಳನ್ನು ಮೂಲ ಕಡತದ ಮೇಲೆ ನಡೆಸದೆ ಅದರ ನಕಲಿನ ಮೇಲೆ ನಡೆಸಬೇಕು. ಗೀರೆಂದು ಅಳಿಸಿದ್ದು ಅನುಸ್ವಾರವಾಗಿದ್ದ ಪ್ರಸಂಗಗಳು ಅಪರೂಪವಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಡಿಜಿಟಲೀಕರಣವೆಂದರೆ ಗುತ್ತಿಗೆಗೆ ಕೊಡುವ ಕೆಲಸ, ಚಿತ್ರಕ್ಕೆ ಇಂತಿಷ್ಟು ರೂಪಾಯಿ ಎಂಬ ಭಾವನೆ ಬೇರೂರಿದೆ. ಅಚ್ಚುಕೂಟದವನಿಗೆ ಪಾಠನಿರ್ಣಯವನ್ನು ಬಿಟ್ಟುಕೊಟ್ಟಂತೆ ಇದು. ಓದಬಲ್ಲವರು ಯಂತ್ರದ ಪಕ್ಕದಲ್ಲಿ ಕೂರದೆ ಈ ಕೆಲಸ ನೆಟ್ಟಗಾಗದು.

ನಮ್ಮ ಸಂಗ್ರಹದ ಸ್ಥಿತಿಯನ್ನು ಹೇಳುವುದಾದರೆ, ಮಬ್ಬಿನ ಅವಧಿಯಲ್ಲಿ ಓದಿಸಿದ 22 ರೀಲುಗಳನ್ನು ‘ಅ’ ಎಂದೂ, ದುರಸ್ತಿಯ ನಂತರದವನ್ನು ‘ಆ’ ಎಂದೂ, ಕ್ಯಾಮೆರಾದಿಂದ ತೆಗೆದವನ್ನು ‘ಕ’ ಎಂದೂ ಗುರುತಿಸಿದ್ದೇವೆ. ‘ಅ’ ಪ್ರತಿಗಳನ್ನು ಅಳಿಸಿಲ್ಲ. ಅವುಗಳನ್ನು ಆಧರಿಸಿ ಈಗಾಗಲೇ ಟಿಪ್ಪಣಿ ಮಾಡಿಕೊಂಡವರು ಹೋಲಿಸಿ ನೋಡಲು ಬೇಕು. ಅದೇ ಮಾದರಿಯ ಕೆಟ್ಟ ಯಂತ್ರವೊಂದು ಬಿಡಿಭಾಗಗಳಿಗಾಗಿ ಕಪಾಟಿನಲ್ಲಿದೆ. ಉಳಿದಿರುವ 41 ರೀಲುಗಳನ್ನು ವರ್ಷಾನುಕ್ರಮದಲ್ಲಾಗಲಿ ವಿಷಯಾನುಕ್ರಮದಲ್ಲಾಗಲಿ ತೆಗೆದುಕೊಳ್ಳುತ್ತಿಲ್ಲ. ಆಮ್ಲದ ಆವಿಗೆ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುವ ಪರೀಕ್ಷಾಪಟ್ಟಿಗಳನ್ನು ಪ್ರತಿ ಡಬ್ಬಿಯಲ್ಲೂ ಒಂದು ದಿನ ಇಟ್ಟಿದ್ದೆವು. ಹಳದಿಗೆ ತಿರುಗಿದ ಏಳು ರೀಲುಗಳು ಮೊದಲು.